ಅವರು ಪಾಸ್ ಮಾಡದ ಅಂಟು

ಹಿಂದೆ ನಾನು ಬಾಡಿಗೆಗಿದ್ದ ಮನೆಯ ಯಜಮಾನರು ತೀರಿಕೊಂಡ ಸುದ್ದಿಯನ್ನು ನನಗೆ ತಿಳಿಸಿದವರು ಅವರ ಹೆಂಡತಿಯ ತಮ್ಮ. ಕೆ.ಆರ್. ಪುರದಿಂದ ಫೋನು ಮಾಡಿದ್ದರು.

"ಭಾವ ಹೋಗ್ಬುಟ್ರು ಸಾರ್. ನಿದ್ದೇಲೇ. ಕಾರ್ಯ ಎಲ್ಲ ಮುಗೀತು. ಆವಾಗ್ಲೇ ಹೇಳೋಕಾಗ್ಲಿಲ್ಲ, ತಪ್ಪು ತಿಳ್ಕೋಬೇಡಿ" ಎಂದರು. ಆಮೇಲೆ, "ಇನ್ನೊಂದು ಕೇಳ್ಬೇಕಿತ್ತು. ಮೀನಿನ ತೊಟ್ಟಿ ನಮ್ಮನೇಗೆ ತರೋಣ ಅಂತ. ಅದರ ಪೈಪಿನ ಬುಡಕ್ಕೆ ಮೆತ್ತಿರೋ ಅಂಟು ಕಲ್ಲಾಗೈತೆ. ಹೆಂಗೆ ತೆಗೀಬೇಕು? ಭಾವ ಒಂದ್ಸಲ ತೆಗೆದಾಗ ನೀವೂ ಜೊತೇಲಿದ್ರಂತಲ್ಲ" ಎಂದರು.

ನಾನು ಜೊತೆಯಲ್ಲಿದ್ದದ್ದು ನಿಜ. ಆ ಅಂಟನ್ನು ಅವರು ಕಡೆಯ ಚೂರಿನವರೆಗೂ ಕೆರೆದು ತೆಗೆದದ್ದನ್ನು ಪಕ್ಕದಲ್ಲಿ ಕೂತು ನೋಡಿದ್ದೆ. ಹಾಗಾಗಿ ಅದು ಈಗ ಅಲ್ಲಿರಲು ಸಾಧ್ಯವಿರಲಿಲ್ಲ. ಭಾನುವಾರ ಬರುತ್ತೇನೆ, ಅಲ್ಲಿಯವರೆಗೆ ಅಂಟಿಗೆ ಕೈ ಹಚ್ಚಬೇಡಿ ಎಂದೆ.

ಹೊಸ ತಿಪ್ಪಸಂದ್ರದ ಮಾರುಕಟ್ಟೆ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಅವರ ಮನೆಯ ಮಹಡಿಯಲ್ಲಿ ನಾನು ಹಲವು ವರ್ಷ ಬಾಡಿಗೆಗಿದ್ದೆ. ಅವರು ವಿಮಾನ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ಅಲ್ಲಿ ಬೇರೆಯವರು ತಯಾರಿಸಿದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಪಾಸ್, ಇಲ್ಲದಿದ್ದರೆ ರಿಜೆಕ್ಟ್ ಮಾಡುವುದು ಅವರ ಕೆಲಸವಾಗಿತ್ತು. ಆ ಕೆಲಸಕ್ಕೆ ಒಂದು ಕಟ್ಟುನಿಟ್ಟಾದ ನಿಯಮವಿತ್ತು. ಮಾಡಿದವನು ಪರೀಕ್ಷೆ ಮಾಡಬಾರದು, ಪರೀಕ್ಷೆ ಮಾಡುವವನು ಹತಾರ ಮುಟ್ಟಬಾರದು. ಕಾರ್ಖಾನೆ ಬಿಟ್ಟರೂ ಅವರು ಈ ನಿಯಮವನ್ನು ಬಿಡಲಿಲ್ಲ. ಮನೆಯಲ್ಲಿ ಒಂದು ಮೊಳೆಯನ್ನೂ ಅವರು ಹೊಡೆದದ್ದನ್ನು ನಾನು ಕಾಣೆ. ಕೇಳಿದರೆ, "ನಂದು ಇನ್ಸ್‌ಪೆಕ್ಷನ್ ರೀ, ಫಿಟ್ಟಿಂಗ್ ಅಲ್ಲ" ಎನ್ನುತ್ತಿದ್ದರು.

ನಾನು ಸಾಮಾನು ಇಳಿಸಿದ ದಿನವೇ ನನ್ನ ಕಬ್ಬಿಣದ ಬೀರುವಿನ ಅಂಚಿಗೆ ಹೆಬ್ಬೆರಳಿನ ಉಗುರು ಎಳೆದು, "ಎಡಕ್ಕೆ ವಾಲಿದೆ" ಎಂದಿದ್ದರು. ಎದುರಿಗೆ ಬಂದ ಯಾವ ವಸ್ತುವಿನ ಅಂಚಿಗೂ ಆ ಉಗುರು ತಾನಾಗಿ ಹೋಗುತ್ತಿತ್ತು, ಮದುವೆ ಕರೆಯೋಲೆಗೂ ದೋಸೆಗೂ. ಅಂಗಿಯ ಜೇಬಿನಲ್ಲಿ ಕೆಂಪು ಮೇಣದ ಬಳಪ ಇರುತ್ತಿತ್ತು. ದೋಷ ಕಂಡಲ್ಲಿ ಅದರಿಂದ ಒಂದು ಇಂಟು ಮಾರ್ಕು. ಗೇಟಿನ ಚಿಲಕಕ್ಕೆ, ಮೆಟ್ಟಿಲಿನ ಮುಕ್ಕಾದ ಅಂಚಿಗೆ, ಬಚ್ಚಲಿನ ನಲ್ಲಿಗೆ. ಮಳೆಗಾಲದಲ್ಲಿ ಉಬ್ಬಿ, ಅರ್ಧ ತೆರೆದು ಕಚ್ಚಿಕೊಳ್ಳುತ್ತಿದ್ದ ಮುಂಬಾಗಿಲಿಗಂತೂ ದೊಡ್ಡದೊಂದು ಇಂಟು. ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯನ್ನೂ ಬಿಡುತ್ತಿರಲಿಲ್ಲ. ಬೆಳಗ್ಗೆ ನಾನು ಕೆಳಗಿಳಿಯುವಾಗ ಮೆಟ್ಟಿಲ ಮೇಲೆ ಮಡಿಸಿಟ್ಟ ಪತ್ರಿಕೆ. ಒಳಗಿನಿಂದ ದನಿ. "ಪೇಪರ್ನೋರೇ, ನಾಲ್ಕನೇ ಪುಟ ರಿಜೆಕ್ಟ್!"

"ಸರಿಯಿರೋದಕ್ಕೆ ಏನು ಗುರುತು ಸರ್?" ಎಂದು ಒಮ್ಮೆ ಕೇಳಿದ್ದೆ.

"ಹಸಿರು ಸೊನ್ನೆ."

"ಮನೇಲಿ ಎಲ್ಲೂ ಕಾಣ್ಲಿಲ್ಲ."

"ಕಾಣಲ್ಲ" ಎಂದರು, ಅಷ್ಟೇ. ಅಡುಗೆಮನೆಯಿಂದ ಅವರ ಹೆಂಡತಿ ಕೂಗಿ ಹೇಳಿದರು: "ಆ ಬಳಪ ಫ್ಯಾಕ್ಟ್ರೀಲೇ ಬಿಟ್ಟು ಬಂದವ್ರೆ ಕಣಪ್ಪ. ನಮ್ಮನೇಗೆ ಕೆಂಪೊಂದೇ."

ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಕೆ.ಆರ್. ಪುರದ ಆಚೆ, ಕೆರೆಯ ಕೆಳಗೆ ಗದ್ದೆಯಿದ್ದ ಮನೆತನದ ಮಗಳು. ಗಂಡ ಇಂಟು ಹಾಕಿದ ಕಡೆಯೆಲ್ಲ ಸ್ಕ್ರೂಡ್ರೈವರ್, ಸಿಮೆಂಟು, ತಂತಿ ಹಿಡಿದು ಹೋಗಿ ಸರಿಮಾಡುವುದು ಅವರ ಪಾಲು. ಸರಿಮಾಡಿದ ಮೇಲೆ ಸೆರಗಿನ ತುದಿಯಿಂದ ಇಂಟನ್ನು ತಿಕ್ಕಿ ಅಳಿಸುತ್ತಿದ್ದರು. "ಅವ್ರು ಹಾಕ್ತಾರೆ, ನಾನು ಅಳಿಸ್ತೀನಿ. ಸಂಸಾರ ಅಂದ್ರೆ ಇನ್ನೇನು" ಎಂದು ನಗುತ್ತಿದ್ದರು. ಮುಂಬಾಗಿಲೊಂದು ಮಾತ್ರ ಅವರ ಕೈಗೂ ಬಗ್ಗಿರಲಿಲ್ಲ.

ಮೀನಿನ ತೊಟ್ಟಿ ಅಕ್ಕನದು. ಹಾಲ್‌ನಲ್ಲಿ, ಮರದ ಸ್ಟ್ಯಾಂಡಿನ ಮೇಲೆ, ಇಬ್ಬರು ಹೊರುವಷ್ಟು ದೊಡ್ಡ ಗಾಜಿನ ತೊಟ್ಟಿ. ಅದರಲ್ಲಿ ಇದ್ದದ್ದು ಒಂದೇ ಮೀನು. ಕಪ್ಪು ಮೈಯ ಮೇಲೆ ಕೆಂಡದ ಬಣ್ಣದ ಮಚ್ಚೆಗಳಿದ್ದ, ಅಂಗೈ ಅಗಲದ ಆಸ್ಕರ್ ಜಾತಿಯದು. ಅಕ್ಕ ಬಳೆಯಿಂದ ಗಾಜನ್ನು ತಟ್ಟಿದರೆ ಎಲ್ಲಿದ್ದರೂ ಆ ಮೂಲೆಗೆ ಬರುತ್ತಿತ್ತು. ಅದಕ್ಕೆ ಅವರು ಇಟ್ಟ ಹೆಸರು ದೊಡ್ಡ ಸಾಹೇಬ್ರು. "ಮನೇಲಿ ಇಬ್ರು ಸಾಹೇಬ್ರು. ಒಬ್ರು ಗಾಜಿನ ಒಳಗೆ, ಒಬ್ರು ಹೊರಗೆ. ಇಬ್ರೂ ಬರೀ ನೋಡ್ತಾರೆ, ಏನೂ ಮಾಡಲ್ಲ."

ತೊಟ್ಟಿಯ ಪಕ್ಕದ ಗಾಜಿನಲ್ಲಿ, ಕೆಳಭಾಗದಲ್ಲಿ ಒಂದು ತೂತು. ಕೊಳೆ ನೀರು ಅಲ್ಲಿಂದ ಹೊರಗೆ ಹೋಗಿ, ಕೆಳಗಿನ ಫಿಲ್ಟರ್ ಡಬ್ಬಿಯಲ್ಲಿ ಸೋಸಿಕೊಂಡು, ಇನ್ನೊಂದು ಪೈಪಿನ ಮೂಲಕ ಮೇಲಿನಿಂದ ತೊಟ್ಟಿಗೆ ಮರಳುತ್ತಿತ್ತು. ತೂತಿನಲ್ಲಿ ಪೈಪನ್ನು ಹಿಡಿದು ಕೂರಿಸುವ ತಿರುಪಿನ ತುಂಡಿಗೆ ಟ್ಯಾಂಕ್ ನಿಪ್ಪಲ್ ಎನ್ನುತ್ತಾರೆ. ಒಳಗೊಂದು ವಾಷರ್, ಹೊರಗೊಂದು ನಟ್ಟು. ನಾನು ಬಂದ ಹೊಸತರಲ್ಲಿ ಆ ನಟ್ಟಿನ ಸುತ್ತ ನೀರು ಜಿನುಗತೊಡಗಿತು. ಅವರು ಪಕ್ಕದಲ್ಲಿ ಇಂಟು ಹಾಕಿ, "ವಾಷರ್ ಬದಲಾಯಿಸ್ಬೇಕು" ಎಂದು ತೀರ್ಪು ಕೊಟ್ಟು, ಸುಮ್ಮನಾದರು.

ಅಕ್ಕ ಕಾದು ನೋಡಿ, ಒಂದು ದಿನ ಅಂಗಡಿಯಿಂದ ಎಪಾಕ್ಸಿ ಅಂಟು ತಂದರು. ಎರಡು ಬಣ್ಣದ ಎರಡು ಬತ್ತಿ. ಎರಡನ್ನೂ ಹೋಳಿಗೆಯ ಕಣಕದ ಹಾಗೆ, ಗೆರೆಯೊಂದೂ ಉಳಿಯದಂತೆ ನಾದಿ, ನೀರು ಖಾಲಿ ಮಾಡಿ ಒರೆಸಿ, ನಟ್ಟು ಗಾಜು ಎರಡೂ ಮುಚ್ಚುವಂತೆ ಮೆತ್ತಿದರು. ಕೊನೆಯಲ್ಲಿ ಐದೂ ಬೆರಳನ್ನು ಅದರ ಮೇಲೆ ಊರಿ ಒತ್ತಿದರು. ಅವರ ಊರ ಕೆರೆಯ ತೂಬು ಸೋರಿದರೆ, ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಜೇಡಿಮಣ್ಣು ಮೆತ್ತಿ ಹೀಗೇ ಕೈ ಒತ್ತುತ್ತಿದ್ದನಂತೆ. "ಕೈಗುರುತು ಇಲ್ದಿದ್ರೆ ನೀರು ಯಾರ್ಗೂ ಹೆದ್ರಲ್ಲ" ಎನ್ನುವುದು ಆ ಊರಿನ ಮಾತು. ಎಪಾಕ್ಸಿ ಗಟ್ಟಿಯಾಯಿತು. ಜಿನುಗು ನಿಂತಿತು.

ಸಂಜೆ ವಾಕಿಂಗ್‌ನಿಂದ ಬಂದವರು ಬಗ್ಗಿ ನೋಡಿ ಉಗುರು ಎಳೆದರು.

"ಇದು ರಿಪೇರಿ ಅಲ್ಲ. ಮೇಕಪ್ಪು. ರಿಜೆಕ್ಟ್."

"ನೀರು ನಿಂತೈತಲ್ಲ?"

"ನಿಂತಿರೋದಲ್ಲ, ಅಡಗಿಕೊಂಡಿರೋದು. ನಾಳೆ ಇದನ್ನ ತೆಗೆಯೋನ ಗತಿ ಏನು? ನಟ್ಟೇ ತಿರುಗಲ್ಲ."

"ನೀವಂತೂ ತೆಗೆಯಲ್ಲ ಬಿಡಿ. ಹತಾರ ಮುಟ್ಟಿದ್ರೆ ಮಡಿ ಕೆಡ್ತದಲ್ಲ."

ಅವರು ಇಂಟಿನ ಮೇಲೆ ಇನ್ನೊಮ್ಮೆ ಬಳಪ ಎಳೆದು ದಪ್ಪ ಮಾಡಿದರು. ಮನೆಯ ಇಂಟುಗಳನ್ನೆಲ್ಲ ಅಳಿಸುತ್ತಿದ್ದ ಅಕ್ಕ ಅದನ್ನು ಮಾತ್ರ ಅಳಿಸಲಿಲ್ಲ. "ಹಾಕ್ದೋರೇ ಒಂದಿನ ಅಳಿಸ್ತಾರೆ, ಇರ್ಲಿ" ಎಂದರು. ಬಂದವರಿಗೆಲ್ಲ ಬೆರಳುಗುರುತು ಒಂದು ಕಡೆ, ಕೆಂಪು ಇಂಟು ಇನ್ನೊಂದು ಕಡೆ ತೋರಿಸಿ, "ಇದು ನಂದು, ಇದು ಅವ್ರದು" ಎನ್ನುತ್ತಿದ್ದರು. ಅವರು ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದರು.

ಅಕ್ಕ ಜ್ವರವೆಂದು ಹಲಸೂರಿನ ಕಡೆಯ ಆಸ್ಪತ್ರೆಗೆ ಸೇರಿದವರು ಮರಳಲಿಲ್ಲ.

ಆಮೇಲೆ ಆ ಮನೆಯಲ್ಲಿ ನಡೆದದ್ದನ್ನು ಹೇಳುವುದು ಸುಲಭ. ಇಂಟುಗಳು ಬೀಳುತ್ತಲೇ ಹೋದವು, ಅಳಿಸುವವರು ಇರಲಿಲ್ಲ. ಸ್ವಿಚ್ಚಿನ ಪಕ್ಕ, ಕುಕ್ಕರಿನ ಹಿಡಿಯ ಮೇಲೆ, ಕಿಟಕಿಯ ಕೊಂಡಿಯ ಮೇಲೆ ಅವು ಹಾಗೆಯೇ ನಿಂತವು. ಯಾರೋ ಸರಿಮಾಡುತ್ತಾರೆ ಎಂದು ಕಾಯುವಂತೆ ಅವರು ಸಂಜೆ ಒಂದು ಸುತ್ತು ಹೋಗಿ ಒಂದೊಂದನ್ನೂ ನೋಡಿ ಬರುತ್ತಿದ್ದರು. ಒಂದು ಬೆಳಗ್ಗೆ ಕೆಳಗಿನಿಂದ ಗಾಜಿನ ಮೇಲೆ ಬಳೆ ತಟ್ಟುವ ಸದ್ದು ಬಂತು. ನಾನು ಮೆಟ್ಟಿಲಲ್ಲೇ ನಿಂತೆ. ಬಾಗಿಲು ಅರ್ಧ ತೆರೆದಿತ್ತು. ಅವರು ಅಕ್ಕನ ಒಂದು ಬಳೆಯನ್ನು ಎರಡು ಬೆರಳ ನಡುವೆ ಹಿಡಿದು ತೊಟ್ಟಿಗೆ ತಟ್ಟುತ್ತಿದ್ದರು. ನನ್ನನ್ನು ನೋಡಿ ವರದಿ ಒಪ್ಪಿಸುವವರಂತೆ ಹೇಳಿದರು: "ಸ್ಕೇಲಲ್ಲಿ ತಟ್ಟಿದ್ರೆ ಬರಲ್ಲ ರೀ. ಇದಕ್ಕೆ ಮಾತ್ರ ಬರ್ತಾನೆ."

ಮತ್ತೆ ನೀರು ತೊಟ್ಟಿಕ್ಕಲು ಶುರುವಾದದ್ದು ಆ ದಿನಗಳಲ್ಲೇ. ಎಪಾಕ್ಸಿ ಮುದ್ದೆಯ ತಳದಲ್ಲಿ, ಕಿರುಬೆರಳ ಗುರುತಿನ ಕುಳಿಯಿಂದ ಒಂದೊಂದೇ ಹನಿ. ಅವರು ಅಕ್ಕನ ತಾಮ್ರದ ಚೆಂಬನ್ನು ಕೆಳಗಿಟ್ಟರು. ಮನೆ ಸುಮ್ಮನಿದ್ದಾಗ ಆ ಹನಿಯ ಸದ್ದು ಮಹಡಿಗೂ ಕೇಳುತ್ತಿತ್ತು. ಸ್ಟ್ಯಾಂಡಿನ ಮರ ನೀರು ಕುಡಿದು ಉಬ್ಬತೊಡಗಿತು. ಅದು ಕುಸಿದರೆ ತೊಟ್ಟಿಯೂ ಹೋಗುತ್ತದೆ, ಮೀನೂ ಹೋಗುತ್ತದೆ. ವಾಷರ್ ಬದಲಿಸಬೇಕಾದರೆ ನಟ್ಟು ತಿರುಗಬೇಕು. ನಟ್ಟು ತಿರುಗಬೇಕಾದರೆ ಎಪಾಕ್ಸಿ ಹೋಗಬೇಕು. ಅದು ಹೋದರೆ ಅಕ್ಕನ ಕೈ ಒತ್ತಿದ ಜಾಗವೂ ಹೋದಂತೆ. ಇದಿಷ್ಟೂ ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. "ಪ್ಲಂಬರ್‌ನ ಕರೆಸಲಾ ಸರ್?" ಎಂದೆ. "ಬೇಡ. ಅವನು ಸುತ್ತಿಗೆ ತಗೋತಾನೆ" ಎಂದರು.

ಕೊನೆಗೆ ಒಂದು ದಿನ ಅವರೇ ಹೊರಟರು. ಶಿವಾಜಿನಗರದಲ್ಲಿ ಮೀನು, ತೊಟ್ಟಿ, ಪೈಪು ಮಾರುವ ಹಳೆಯ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಅಂಗಡಿಯ ಸಾಹೇಬರು ನಾನು ಫೋನಿನಲ್ಲಿ ತೆಗೆದಿದ್ದ ಚಿತ್ರವನ್ನು ಹಿಗ್ಗಿಸಿ ನೋಡಿದರು.

"ಯಾರು ಸಾಬ್ ಮೆತ್ತಿದ್ದು? ಪಕ್ಕಾ ಕೆಲಸ."

"ರಿಜೆಕ್ಟ್ ಆಗಿರೋ ಕೆಲಸ ಅದು."

"ಇದು ಸೋರ್ತದಾ? ಇದು ಸೋರೋ ಥರ ಕಾಣಲ್ಲ."

"ಸೋರ್ತಿರೋದನ್ನ ದಿನಾ ನೋಡ್ತಿದೀನಿ ಕಣ್ರೀ."

"ಅರೆ, ನೀವು ನೋಡಿದ್ರೆ ಸರಿ" ಎಂದ ಅಂಗಡಿಯವರು ದಾರಿ ಹೇಳಿಕೊಟ್ಟರು. "ಹೊಡೀಬೇಡಿ, ಗಾಜು ಹೋಗ್ತದೆ. ಮೀನು ಬೇರೆ ಕಡೆ ಬಿಟ್ಟು ನೀರು ಇಳಿಸಿ. ಕೂದಲು ಒಣಗ್ಸೋ ಮಿಷಿನ್ ಇದೆಯಲ್ಲ, ಅದರಲ್ಲಿ ದೂರದಿಂದ ಬಿಸಿ ಕೊಡಿ. ಮೆತ್ತಗಾಗ್ತದೆ. ಬ್ಲೇಡು ಮಲಗಿಸಿ ಅಂಚಿಂದ ಎತ್ತಿ. ತಣ್ಣಗಾದ್ರೆ ನಿಲ್ಸಿ, ಮತ್ತೆ ಬಿಸಿ. ಉಳಿದಿದ್ದಕ್ಕೆ ಉಗುರುಬಣ್ಣ ಅಳಿಸೋ ದ್ರಾವಣ ಹತ್ತೀಲಿ ಅದ್ದಿ ಇಡಿ. ಅವಸರ ಮಾಡಬಾರದು, ಅಷ್ಟೇ."

ದೊಡ್ಡ ಸಾಹೇಬ್ರನ್ನು ನೀಲಿ ಡ್ರಮ್ಮಿಗೆ ಬಿಟ್ಟೆವು. ಅಕ್ಕನ ಹೇರ್ ಡ್ರೈಯರ್ ಬೀರುವಿನಲ್ಲಿತ್ತು. ಅದರ ಹಿಡಿಯ ಮೇಲೂ ಒಂದು ಹಳೆಯ ಇಂಟು ಇತ್ತು, ಅರ್ಧ ಅಳಿಸಿದ್ದು. ನಾನು ಬಿಸಿ ಗಾಳಿ ಹಿಡಿದೆ, ಅವರು ಹ್ಯಾಕ್ಸಾ ಬ್ಲೇಡಿನ ತುಂಡನ್ನು ಮಸೆದು ಹಿಡಿದರು. ಹತಾರ ಹಿಡಿದ ಅವರ ಕೈಯನ್ನು ನಾನು ನೋಡಿದ್ದು ಅದೇ ಮೊದಲು. ಅಂಚಿನಿಂದ ಶುರುಮಾಡಿದರು. ಬಿಸಿಗೆ ಎಪಾಕ್ಸಿ ಗಟ್ಟಿ ಬೆಲ್ಲದ ಹಾಗೆ ಬಾಗುತ್ತಿತ್ತು, ತಣಿದರೆ ಕಲ್ಲು. ಹೆಬ್ಬೆರಳ ಗುರುತಿನ ಭಾಗ ಎದ್ದು ಬರುವಾಗ ಅವರು ಒಮ್ಮೆ ನಿಲ್ಲಿಸಿ, "ಆಫ್ ಮಾಡಿ" ಎಂದರು. ಎದ್ದು ಹೋಗಿ ನೀರು ಕುಡಿದು ಬಂದು, "ಹ್ಞಾ, ಹಿಡೀರಿ" ಎಂದರು.

ಸಂಜೆಗೆ ನಟ್ಟು ತಿರುಗಿತು. ಹೊಸ ವಾಷರ್ ಕೂತಿತು. ಪರೀಕ್ಷೆಗೆಂದು ನೀರು ತುಂಬಿ ಫಿಲ್ಟರ್ ಓಡಿಸಿಟ್ಟೆವು. ಚೂರುಗಳೆಲ್ಲ ಹಾಸಿದ ಪತ್ರಿಕೆಯ ಮೇಲೆ ಬಿದ್ದಿದ್ದವು. ಒಂದೆರಡರಲ್ಲಿ ಬೆರಳಿನ ಗೆರೆಗಳು ಸ್ಪಷ್ಟವಾಗಿದ್ದವು.

"ಇದನ್ನ ಇಟ್ಕೊಳ್ಳಿ ಸರ್" ಎಂದೆ.

"ರಿಜೆಕ್ಟ್ ಮಾಲು ಇಟ್ಕೊಳ್ಳೋ ಹಾಗಿಲ್ಲ. ಫ್ಯಾಕ್ಟ್ರೀಲಿ ಒಡೆದು ಬಿಸಾಕ್ತೀವಿ. ಇಲ್ಲಾಂದ್ರೆ ಯಾರಾದ್ರೂ ಎತ್ಕೊಂಡು ಮತ್ತೆ ವಿಮಾನಕ್ಕೆ ಹಾಕ್ಬಿಡ್ತಾರೆ." ಪತ್ರಿಕೆಯನ್ನು ಮಡಿಸಿ, ಕಸದ ಬುಟ್ಟಿಗೆ ಹಾಕಿ, ತಾವೇ ಗೇಟಿನ ಬಳಿ ಇಟ್ಟು ಬಂದರು. ಗಾಜಿನ ಮೇಲಿನ ಇಂಟು ಹಾಗೇ ಇತ್ತು.

ಮರುದಿನ ಬೆಳಗ್ಗೆ ಕೆಳಗಿನಿಂದ ಕರೆದರು. ಚೆಂಬಿನಲ್ಲಿ ನೀರಿತ್ತು.

"ಮಾಡಿದೋನು ನೋಡ್ಬಾರ್ದು. ನೀವು ನೋಡ್ರಿ" ಎಂದು ಪಕ್ಕಕ್ಕೆ ಸರಿದು ನಿಂತರು.

ನಾನು ನಟ್ಟಿನ ಸುತ್ತ ಬೆರಳಾಡಿಸಿದೆ. ಕೆಳಗೆ ಒದ್ದೆ, ಮೇಲೂ ಒದ್ದೆ. ಹಳೆಯ ಪತ್ರಿಕೆಯನ್ನು ಉದ್ದುದ್ದ ಹರಿದು, ಗಾಜಿಗೆ ಬುಡದಿಂದ ತುದಿಯವರೆಗೆ ಅಂಟಿಸುತ್ತಾ ಹೋದೆ. ಒಂದೇ ಒಂದು ಪಟ್ಟಿ ನೆನೆಯಿತು. ನೆನೆದದ್ದು ಕೆಳಗಿನಿಂದ ಅಲ್ಲ, ಮೇಲಿನಿಂದ. ನೀರು ಮರಳಿ ಬರುವ ಪೈಪಿನ ಬಾಗಿನಲ್ಲಿ ಕೂದಲೆಳೆಯಷ್ಟು ಬಿರುಕು. ಅಲ್ಲಿಂದ ಹೊರಟ ನೀರು ಗಾಜಿನ ಮೇಲೆ ಕಣ್ಣಿಗೆ ಕಾಣದ ಹಾಗೆ ಇಳಿದು, ಅಡ್ಡ ಸಿಕ್ಕ ಎಪಾಕ್ಸಿಯ ಮುದ್ದೆಯ ಮೇಲೆ ಸೇರಿ, ಅದರ ಕೊನೆಯ ಕುಳಿಯಿಂದ ತೊಟ್ಟಿಕ್ಕುತ್ತಿತ್ತು.

"ಮೇಲಿಂದ ಬರ್ತಿದೆ ಸರ್."

ಅವರು ಹತ್ತಿರ ಬಂದು ಬಿರುಕಿನ ಮೇಲೆ ಉಗುರು ಎಳೆದರು. ಎರಡನೇ ಸಲ ಎಳೆದರು.

"ಹಾಗಾದ್ರೆ ಅದು ಸೋರ್ತಿರ್ಲಿಲ್ಲ."

"ಇಲ್ಲ ಸರ್."

"ಇಂಟು ಇತ್ತಲ್ಲ, ಅದನ್ನೇ ನೋಡ್ದೆ. ಮೇಲೆ ನೋಡ್ಲೇ ಇಲ್ಲ."

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಕಸದ ಆಟೋದ ಧ್ವನಿವರ್ಧಕ ಕೇಳಿತು. ಅವರು ಅಷ್ಟು ಬೇಗ ನಡೆದದ್ದನ್ನು ನಾನು ಕಂಡಿರಲಿಲ್ಲ. ಮುಂಬಾಗಿಲು ಕಚ್ಚಿಕೊಂಡಿತು. ಭುಜ ಕೊಟ್ಟು ತಳ್ಳಿ ಗೇಟಿಗೆ ಹೋದರು. ಬುಟ್ಟಿ ಖಾಲಿಯಾಗಿ ಮಗುಚಿ ಬಿದ್ದಿತ್ತು. ಆ ಧ್ವನಿ ಇತ್ತ ಬರುತ್ತಿದ್ದದ್ದಲ್ಲ, ದೂರ ಹೋಗುತ್ತಿದ್ದದ್ದು. ಅವರು ಬುಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಅದರ ಅಂಚಿಗೆ ಕೈಯಿಟ್ಟು, ಆಟೋ ಮಾರುಕಟ್ಟೆ ರಸ್ತೆಯ ಸದ್ದಿನಲ್ಲಿ ಸೇರಿಹೋಗುವವರೆಗೂ ಅಲ್ಲೇ ನಿಂತಿದ್ದರು.

ಪೈಪಿನ ಬಾಗನ್ನು ಬದಲಿಸಿದೆವು. ಮೀನು ತೊಟ್ಟಿಗೆ ಮರಳಿತು, ಹನಿ ನಿಂತಿತು. ಅಂದಿನಿಂದ ಅವರ ಜೇಬಿನಲ್ಲಿ ಬಳಪ ಕಾಣಲಿಲ್ಲ. ಮೆಟ್ಟಿಲ ಮೇಲೆ ಪತ್ರಿಕೆ ಬರುವುದೂ ನಿಂತಿತು. ನಾನೇ ಒಮ್ಮೆ, "ಇವತ್ತಿನ ನಾಲ್ಕನೇ ಪುಟ ನೋಡಿದ್ರಾ ಸರ್?" ಎಂದು ಕೆಣಕಿದೆ. "ಚೆನ್ನಾಗಿದೆ" ಎಂದರು. ಅದನ್ನು ಕೇಳಿ ನನಗೆ ಭಯವಾಯಿತು. ಕೆಲವು ತಿಂಗಳ ನಂತರ ಕಚೇರಿ ಬದಲಾಗಿ ನಾನು ಆ ಮನೆ ಬಿಟ್ಟೆ.

ಫೋನಿನಲ್ಲಿ ಹೇಳಿದಂತೆ ಭಾನುವಾರ ಆ ಮನೆಗೆ ಹೋದಾಗ ಅಕ್ಕನ ತಮ್ಮ ಇಬ್ಬರು ಆಳುಗಳೊಂದಿಗೆ ಕಾಯುತ್ತಿದ್ದರು. ಮೀನನ್ನು ಆಗಲೇ ಡ್ರಮ್ಮಿಗೆ ಬಿಟ್ಟಿದ್ದರು, ಪೈಪುಗಳನ್ನು ಕೊಯ್ದಿದ್ದರು. ಉಳಿದದ್ದು ನಿಪ್ಪಲ್ ಮತ್ತು ಅದರ ಮೇಲೆ ಉಬ್ಬಿ ನಿಂತ ಎಪಾಕ್ಸಿ. "ಅದೊಂದು ಗಂಟು ಹೊರಗೆ ಚಾಚ್ಕೊಂಡೈತೆ ಸಾರ್. ಅರ್ಧ ತೆರೆಯೋ ಬಾಗ್ಲಲ್ಲಿ ನಾಕು ಬೆರಳು ಜಾಗ ಸಾಲ್ದು" ಎಂದರು.

ನಾನು ಮೊಣಕಾಲೂರಿ ನೋಡಿದೆ. ಹೊಸ ಎಪಾಕ್ಸಿ. ಸೋರದ ನಟ್ಟಿಗೆ, ಅಗತ್ಯವೇ ಇಲ್ಲದ ಕಡೆ, ಹಳೆಯ ಜಾಗದಲ್ಲೇ ಮೆತ್ತಿದ್ದರು. ಸರಿಯಾಗಿ ನಾದಿರಲಿಲ್ಲ. ಎರಡು ಬಣ್ಣದ ಗೆರೆಗಳು ಹಾಗೇ ಉಳಿದಿದ್ದವು. ಮೇಲೆ ಐದು ಬೆರಳ ಗುರುತು. ಅವರದು ದೊಡ್ಡ ಕೈ. ನನ್ನ ಬೆರಳುಗಳನ್ನು ಆ ಕುಳಿಗಳಲ್ಲಿ ಇಡಲು ನೋಡಿದೆ. ಪ್ರತಿ ಕುಳಿಯೂ ನನ್ನ ಬೆರಳಿಗಿಂತ ಅಗಲ. ಆದರೆ ಕುಳಿಯಿಂದ ಕುಳಿಗೆ ಇದ್ದ ದೂರ ತೀರ ಕಡಿಮೆ. ಬೆರಳುಗಳನ್ನು ಮುದುಡಿ ಒಂದಕ್ಕೊಂದು ತಾಗಿಸಿ, ಚಿಕ್ಕ ಕೈಯೊಂದರ ಅಳತೆಗೆ ಒತ್ತಿದ್ದರು. ಅಳತೆ ಅವರಿಗೆ ನೆನಪಿತ್ತು.

ಪಕ್ಕದ ಗಾಜಿನ ಮೇಲೆ ಇಂಟು ಇರಲಿಲ್ಲ. ಅದಿದ್ದ ಜಾಗದಲ್ಲಿ ಒಂದು ಹಸಿರು ಸೊನ್ನೆ. ಅದು ಅವರ ಕೆಲಸಕ್ಕೆ ಹಾಕಿಕೊಂಡದ್ದಲ್ಲ. ಮಾಡಿದವನು ನೋಡಬಾರದು. ಅದು ಅದಕ್ಕೆ ಮುಂಚೆ ಅಲ್ಲಿದ್ದ, ಅಕ್ಕನ ಕೆಲಸಕ್ಕೆ.

"ಹೆಂಗೆ ತೆಗೆಯೋದು ಸಾರ್?" ಎಂದರು ಅಕ್ಕನ ತಮ್ಮ. ಕೈಯಲ್ಲಿ ಹೇರ್ ಡ್ರೈಯರ್ ಹಿಡಿದು ತಯಾರಾಗಿದ್ದರು.

ಹೇಗೆ ತೆಗೆಯುವುದೆಂದು ಹೇಳಿದೆ. ದೂರದಿಂದ ಬಿಸಿ, ಮಲಗಿಸಿದ ಬ್ಲೇಡು, ಅವಸರವಿಲ್ಲ. ಆಮೇಲೆ ಆ ಬೆರಳುಗಳು ಯಾರವು, ಸೊನ್ನೆ ಯಾವುದಕ್ಕೆ ಎಂಬುದನ್ನೂ ಹೇಳಿದೆ. ಅವರು ಬಗ್ಗಿ ಬಹಳ ಹೊತ್ತು ನೋಡಿದರು. ನಮ್ಮಕ್ಕನ ಕೈ ಇಷ್ಟೇ ಇದ್ದದ್ದು ಎಂದು ತಮ್ಮ ಅಂಗೈ ಮೇಲೆ ಗೆರೆ ಎಳೆದು ತೋರಿಸಿದರು. ಎದ್ದು ನಿಂತು ಸುತ್ತ ನೋಡಿದವರ ಕಣ್ಣು ಮುಂಬಾಗಿಲಿನ ಮೇಲೆ ನಿಂತಿತು. ಬಣ್ಣ ಮಾಸಿದ ಆ ದೊಡ್ಡ ಇಂಟು ಅಲ್ಲಿ ಹಾಗೇ ಇತ್ತು.

"ಭಾವ ಇದನ್ನಲ್ವಾ ರಿಜೆಕ್ಟ್ ಮಾಡಿರೋದು?" ಎಂದರು. ಆಳುಗಳ ಕಡೆ ತಿರುಗಿ, "ಲೇ, ಬಾಗ್ಲು ಬಿಚ್ರೋ" ಎಂದರು.

ಕೀಲುಗಳು ತುಕ್ಕು ಹಿಡಿದಿದ್ದವು, ತಡವಾಯಿತು. ಬಾಗಿಲು ಕಳಚಿ ಬಂದಾಗ ಹಾಲ್‌ನೊಳಗೆ ಎಂದೂ ಬೀಳದಷ್ಟು ಬೆಳಕು ಬಿತ್ತು. ತೊಟ್ಟಿ ತನ್ನ ಗಂಟಿನ ಸಮೇತ, ಎಲ್ಲೂ ತಾಗದೆ, ಹೊರಗೆ ಹೋಯಿತು.

ಕೆ.ಆರ್. ಪುರದ ಮನೆಯಲ್ಲಿ ತೊಟ್ಟಿ ಇಳಿಸಿ, ಹೊಸ ಪೈಪು ಜೋಡಿಸಿ, ನೀರು ತುಂಬಿದೆವು. ಯಾವುದಕ್ಕೂ ಇರಲಿ ಎಂದು ಅವರು ತಾಮ್ರದ ಚೆಂಬನ್ನು ಅದರ ಕೆಳಗಿಟ್ಟರು. ನಾವು ಕೂತು ಕಾದೆವು. ಹನಿ ಬೀಳಲಿಲ್ಲ. ಮೀನು ಮಾತ್ರ ಎಷ್ಟು ಕರೆದರೂ ಕಲ್ಲುಗಳ ಹಿಂದಿನಿಂದ ಬರಲಿಲ್ಲ. ಅಕ್ಕನ ತಮ್ಮ ಎದ್ದು, ಭಾವನ ಅಂಗಿಯ ಜೇಬಿನಲ್ಲಿ ಸಿಕ್ಕಿದ್ದೆಂದು ಒಂದು ಬಳೆ ತಂದು, ಎರಡು ಬೆರಳಲ್ಲಿ ಹಿಡಿದು, ಗಾಜಿಗೆ ಮೆಲ್ಲಗೆ ತಟ್ಟಿದರು.

ದೊಡ್ಡ ಸಾಹೇಬ್ರು ನಿಧಾನವಾಗಿ ತಿರುಗಿ, ಹಸಿರು ಸೊನ್ನೆಯಿದ್ದ ಮೂಲೆಗೆ ಬಂದು ನಿಂತು, ನಮ್ಮನ್ನು ನೋಡತೊಡಗಿದರು.